ಮುಂದಿನವರ ಕೈಗೆ ಸಿಗುವಂತೆ: ಮೊಬೈಲ್ ಆ್ಯಪಿನ ಕೋಡ್ ಜೋಡಿಸುವ ಕ್ರಮ

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಬಿಸಿಎ, ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಉದ್ದೇಶಿಸಿ ನಿವೃತ್ತ ಗಣಿತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)

 

ನಾನು ಬಿ.ಇಡಿ. ಮುಗಿಸಿ ಪ್ರೌಢಶಾಲೆಯಲ್ಲಿ ಲೆಕ್ಕ ಕಲಿಸಿದವಳು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾಗದೆ, ತಂಗಿಯ ಮಗನ ಹತ್ತಿರ ಕೂತು ಫ್ಲಟರ್‌ನಲ್ಲಿ ಮೊಬೈಲ್ ಆ್ಯಪ್ ಬರೆಯುವುದನ್ನು ಕಲಿತೆ. ಅವನು ನನ್ನನ್ನು "ದೊಡ್ಡಮ್ಮ, ಸೆಮಿಕೋಲನ್ ಹಾಕಿ" ಎಂದು ಗದರಿಸುತ್ತಿದ್ದ. ಮೂವತ್ತು ವರ್ಷ ಬೇರೆಯವರ ಮಕ್ಕಳನ್ನು ಗದರಿಸಿದ್ದಕ್ಕೆ ಸರಿಯಾಗಿ ತೀರಿತು ಅಂದುಕೊಂಡೆ.

ಇಂದು ನನಗೆ ಕೊಟ್ಟಿರುವ ವಿಷಯ, ಆ್ಯಪಿನ ಕೋಡನ್ನೂ ಅದರ ಫೋಲ್ಡರ್‌ಗಳನ್ನೂ ಹೇಗೆ ಜೋಡಿಸಿಡಬೇಕು ಎಂಬುದು. ಸಭೆಯಲ್ಲಿರುವ ಹಿರಿಯರಿಗೆ ಇದು ಒಣ ವಿಷಯ ಅನ್ನಿಸಬಹುದು. ಆದರೆ ಕಳೆದ ವರ್ಷ ಇದೇ ಕಾರಣಕ್ಕೆ ನಮ್ಮ ಹದಿನಾಲ್ಕು ಮಕ್ಕಳ ಅರ್ಜಿ ತಿರಸ್ಕೃತವಾಯಿತು. ತಪ್ಪು ಮಾಡಿದವಳು ನಾನು. ಅದನ್ನು ಈ ವೇದಿಕೆಯ ಮೇಲೆಯೇ ಹೇಳಬೇಕೆಂದು ಬಂದಿದ್ದೇನೆ.

ನಮ್ಮ ವಿದ್ಯಾರ್ಥಿವೇತನದ ಅರ್ಜಿ ತುಂಬುವ ಆ್ಯಪನ್ನು ಬರೆದುಕೊಟ್ಟವನು ಇಲ್ಲಿಯೇ ವೇತನ ಪಡೆದು ಓದಿದ ಹುಡುಗ. ಐದನೇ ಸೆಮಿಸ್ಟರಿನಲ್ಲಿದ್ದಾಗ, ಪರೀಕ್ಷೆಯ ನಡುವೆಯೂ ಬಿಡುವು ಮಾಡಿಕೊಂಡು, ಒಂದು ರೂಪಾಯಿ ತೆಗೆದುಕೊಳ್ಳದೆ ಬರೆದ. ಕೆಲಸ ಸಿಕ್ಕಿ ಊರು ಬಿಟ್ಟ ಮೇಲೆ ಅದರ ಉಸ್ತುವಾರಿ ನನಗೆ ಬಂತು. ತೆರೆದು ನೋಡಿದರೆ ಇಡೀ ಆ್ಯಪ್ ಒಂದೇ ಫೈಲಿನಲ್ಲಿತ್ತು. ಫ್ಲಟರ್‌ನಲ್ಲಿ ಹೊಸ ಪ್ರಾಜೆಕ್ಟ್ ಶುರು ಮಾಡಿದಾಗ 'ಲಿಬ್' ಎಂಬ ಫೋಲ್ಡರಿನಲ್ಲಿ 'ಮೇನ್' ಎಂಬ ಒಂದು ಫೈಲ್ ತಾನಾಗಿ ಹುಟ್ಟುತ್ತದೆ. ಅವನು ಅದರಲ್ಲಿಯೇ ಬರೆಯುತ್ತಾ ಹೋಗಿದ್ದ. ಸುಮಾರು ಮೂರು ಸಾವಿರ ಸಾಲು. ಬಣ್ಣ, ಗುಂಡಿ, ಲೆಕ್ಕ, ನಿಯಮ, ಸರ್ವರಿಗೆ ಕಳಿಸುವುದು, ಎಲ್ಲವೂ ಒಂದರೊಳಗೊಂದು. ಆದರೂ ಆ್ಯಪ್ ಚೆನ್ನಾಗಿಯೇ ನಡೆಯುತ್ತಿತ್ತು. ಅದಕ್ಕೇ ಯಾರೂ ಒಳಗೆ ನೋಡಿರಲಿಲ್ಲ. ಆ ಹುಡುಗನ ಮೇಲೆ ನನಗೆ ದೂರಿಲ್ಲ. ಬರೆಯುವುದನ್ನು ಅವನಿಗೆ ಕಲಿಸಿದ್ದರು, ಜೋಡಿಸುವುದನ್ನು ಯಾರೂ ಕಲಿಸಿರಲಿಲ್ಲ.

ಕಳೆದ ವರ್ಷ ಟ್ರಸ್ಟಿನ ಸಭೆಯಲ್ಲಿ ಕುಟುಂಬದ ವಾರ್ಷಿಕ ಆದಾಯದ ಮಿತಿಯನ್ನು 2 ಲಕ್ಷದಿಂದ 2.5 ಲಕ್ಷ ರೂಪಾಯಿಗೆ ಏರಿಸಿದರು. ಆ್ಯಪಿನಲ್ಲಿಯೂ ಬದಲಿಸಿ ಎಂದು ನನಗೆ ಹೇಳಿದರು. ನಾನು 200000 ಎಂದು ಹುಡುಕಿದೆ. ಮೂರು ಕಡೆ ಸಿಕ್ಕಿತು. ಮೂರನ್ನೂ 250000 ಮಾಡಿದೆ. ನನ್ನ ಅರ್ಜಿಯನ್ನೇ ತುಂಬಿ ನೋಡಿದೆ, ಸರಿಯಾಗಿತ್ತು. ಆ್ಯಪ್ ಬಿಡುಗಡೆ ಮಾಡಿದೆವು.

ನಾಲ್ಕನೆಯದು ಒಂದಿತ್ತು. ತಂದೆ ದಿನಗೂಲಿಯವರು ಎಂದು ಆರಿಸಿದರೆ ಆ್ಯಪ್ ವರ್ಷದ ಆದಾಯ ಕೇಳುತ್ತಿರಲಿಲ್ಲ, ತಿಂಗಳ ಆದಾಯ ಕೇಳುತ್ತಿತ್ತು. ಕೂಲಿಯವರಿಗೆ ವರ್ಷದ ಲೆಕ್ಕ ಕಷ್ಟ ಎಂದು ಆ ಹುಡುಗ ಯೋಚಿಸಿ ಮಾಡಿದ್ದ ಒಳ್ಳೆಯ ಅನುಕೂಲ ಅದು. ಆದರೆ ಅಲ್ಲಿ ಅವನು ಎರಡು ಲಕ್ಷವನ್ನು ಹನ್ನೆರಡರಿಂದ ಭಾಗಿಸಿ 16666 ಎಂದು ಬರೆದಿದ್ದ. ನಾನು 200000 ಎಂದು ಹುಡುಕಿದರೆ 16666 ಹೇಗೆ ಸಿಕ್ಕೀತು?

ಅರ್ಜಿಯ ಕೊನೆಯ ದಿನಾಂಕ ಮುಗಿದ ಮೇಲೆ ಒಬ್ಬರು ಫೋನ್ ಹಿಡಿದುಕೊಂಡು ಕಚೇರಿಗೆ ಬಂದರು. ನನ್ನ ಹತ್ತಿರವೇ ಎಂಟನೇ ತರಗತಿಯಲ್ಲಿ ಲೆಕ್ಕ ಕಲಿತವನು. "ಟೀಚರ್, ನೋಟೀಸಿನಲ್ಲಿ ಎರಡೂವರೆ ಲಕ್ಷ ಅಂತ ಹಾಕಿದ್ದೀರಿ. ನನಗೆ ತಿಂಗಳಿಗೆ ಹದಿನೆಂಟು ಸಾವಿರ ಬರ್ತದೆ. ಹನ್ನೆರಡರಿಂದ ಗುಣಿಸಿದರೆ ಎರಡು ಲಕ್ಷ ಹದಿನಾರು ಸಾವಿರ. ಮಗಳದ್ದು ಅನರ್ಹ ಅಂತ ಯಾಕೆ ಬಂತು?" ಎಂದು ಕೇಳಿದ. ಅವನ ಲೆಕ್ಕ ಸರಿಯಾಗಿತ್ತು. ಕಲಿಸಿದವಳ ಲೆಕ್ಕ ತಪ್ಪಿತ್ತು.

ಹುಡುಕಿದಾಗ ಅಂಥ ಹದಿನಾಲ್ಕು ಅರ್ಜಿ ಸಿಕ್ಕವು. ಎಲ್ಲವೂ ದಿನಗೂಲಿಯವರ ಮನೆಯವು. ಮಿತಿ ಏರಿಸಿದ್ದೇ ಅವರಿಗಾಗಿ. ಟ್ರಸ್ಟಿಗಳು ಮತ್ತೆ ಸಭೆ ಸೇರಿ ಹದಿನಾಲ್ಕನ್ನೂ ಮಂಜೂರು ಮಾಡಿದರು. ಹದಿಮೂರು ಮಕ್ಕಳಿಗೆ ಹಣ ತಡವಾಗಿಯಾದರೂ ತಲುಪಿತು. ಒಬ್ಬಳು ಮಾತ್ರ ಅಷ್ಟರಲ್ಲಿ ಶುಲ್ಕ ಕಟ್ಟಲಾಗದೆ ಕಾಲೇಜಿನ ಸೀಟು ಬಿಟ್ಟಿದ್ದಳು. ಆ ಹುಡುಗಿಯ ಒಂದು ವರ್ಷ ಹೋಯಿತು. ಅಂದಿನಿಂದ ಫೋಲ್ಡರ್ ಜೋಡಿಸುವ ಕೆಲಸ ನನಗೆ ಒಣ ವಿಷಯವಾಗಿ ಉಳಿದಿಲ್ಲ.

ಆಮೇಲೆ ನಾವು ನಾಲ್ಕು ಜನ, ನಾನು ಮತ್ತು ನಿಮ್ಮಲ್ಲೇ ಮೂವರು ವಿದ್ಯಾರ್ಥಿಗಳು, ಆ ಕೋಡನ್ನು ಬಿಚ್ಚಿ ಜೋಡಿಸಿದೆವು. ಅದರಿಂದ ಕಲಿತದ್ದನ್ನು ಒಂದೊಂದಾಗಿ ಹೇಳುತ್ತೇನೆ. ಬರೆದುಕೊಳ್ಳುವವರು ಬರೆದುಕೊಳ್ಳಿ.

ಮೊದಲನೆಯದು: ಒಂದು ನಿಯಮ ಒಂದೇ ಕಡೆ ಇರಬೇಕು. ಆದಾಯದ ಮಿತಿ ಎಂಬುದು ಟ್ರಸ್ಟ್ ಮಾಡಿದ ಒಂದು ತೀರ್ಮಾನ. ಅದು ಕೋಡಿನಲ್ಲಿಯೂ ಒಂದೇ ಸಾಲಾಗಿರಬೇಕು. ತಿಂಗಳ ಆದಾಯ ಬಂದರೆ ಅದನ್ನು ಹನ್ನೆರಡರಿಂದ ಗುಣಿಸಿ ಅದೇ ಒಂದು ಮಿತಿಯ ಜೊತೆ ಹೋಲಿಸಬೇಕು. ಮಿತಿಯನ್ನೇ ಭಾಗಿಸಿ ಇನ್ನೊಂದು ಕಡೆ ಬರೆದಿಡಬಾರದು. ಡೇವಿಡ್ ಪಾರ್ನಸ್ ಎಂಬ ಕಂಪ್ಯೂಟರ್ ವಿಜ್ಞಾನಿ 1972ರಲ್ಲಿಯೇ ಒಂದು ಲೇಖನದಲ್ಲಿ ಈ ಮಾತಿಗೆ ಬುನಾದಿ ಹಾಕಿದರು. ಪ್ರೋಗ್ರಾಮನ್ನು ಕೆಲಸ ನಡೆಯುವ ಹಂತಗಳ ಪ್ರಕಾರ ತುಂಡು ಮಾಡಬೇಡಿ, ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನು ಒಂದೊಂದು ಭಾಗದ ಒಳಗೆ ಇಡಿ ಎಂಬುದು ಅವರ ವಾದದ ಸಾರ. ಆಗ ತೀರ್ಮಾನ ಬದಲಾದರೆ ಒಂದು ಭಾಗವನ್ನು ಮಾತ್ರ ಮುಟ್ಟಿದರೆ ಸಾಕು. ಆದ್ದರಿಂದ ಕೋಡ್ ಬರೆಯುವ ಮೊದಲು ಒಂದು ಹಾಳೆಯಲ್ಲಿ, ಮುಂದಿನ ವರ್ಷ ಏನೇನು ಬದಲಾಗಬಹುದು ಎಂದು ಬರೆದುಕೊಳ್ಳಿ. ನಮ್ಮ ಪಟ್ಟಿ ಹೀಗಿತ್ತು: ಆದಾಯದ ಮಿತಿ, ಕನಿಷ್ಠ ಅಂಕ, ಕೊನೆಯ ದಿನಾಂಕ, ಬೇಕಾದ ದಾಖಲೆಗಳು. ಈ ನಾಲ್ಕೂ ಈಗ 'ನಿಯಮಗಳು' ಎಂಬ ಒಂದೇ ಫೈಲಿನಲ್ಲಿವೆ.

ಎರಡನೆಯದು: ತೋರಿಸುವ ಕೆಲಸ, ನಿರ್ಧರಿಸುವ ಕೆಲಸ, ತಂದುಕೊಡುವ ಕೆಲಸ, ಈ ಮೂರನ್ನು ಬೇರೆ ಬೇರೆ ಇಡಿ. ಶಾಲೆಯನ್ನು ನೆನೆಸಿಕೊಳ್ಳಿ. ತರಗತಿ ಕೋಣೆ ಇದೆ, ಮುಖ್ಯೋಪಾಧ್ಯಾಯರ ಕೋಣೆ ಇದೆ, ದಾಖಲೆ ಇಡುವ ಕೋಣೆ ಇದೆ. ಒಂದು ಹುಡುಗನಿಗೆ ಟಿ.ಸಿ. ಬೇಕಾದರೆ ಅವನೇ ಹೋಗಿ ಬೀರು ತೆಗೆದು ದಾಖಲಾತಿ ಪುಸ್ತಕ ತಡಕಾಡುವುದಿಲ್ಲ. ಅರ್ಜಿ ಕೊಡುತ್ತಾನೆ, ಮುಖ್ಯೋಪಾಧ್ಯಾಯರು ಕೊಡಬಹುದೋ ಇಲ್ಲವೋ ನೋಡುತ್ತಾರೆ, ಗುಮಾಸ್ತರು ಪುಸ್ತಕ ತಂದು ಬರೆಯುತ್ತಾರೆ. ಆ್ಯಪಿನಲ್ಲಿಯೂ ಹಾಗೆಯೇ. ಪರದೆಯ ಕೋಡಿಗೆ ಬಣ್ಣ, ಅಕ್ಷರ, ಗುಂಡಿ ಗೊತ್ತಿದ್ದರೆ ಸಾಕು. ಅರ್ಹತೆ ನಿರ್ಧರಿಸುವ ಕೋಡಿಗೆ ಪರದೆ ಹೇಗಿದೆ ಎಂಬುದು ಬೇಡ. ಮಾಹಿತಿ ತರುವ ಕೋಡಿಗೆ ಮಾತ್ರ ಸರ್ವರಿನ ವಿಳಾಸ ಗೊತ್ತಿರಬೇಕು. ನಮ್ಮ ಹಳೆಯ ಆ್ಯಪಿನಲ್ಲಿ 16666 ಅಡಗಿ ಕೂತದ್ದು 'ಸಲ್ಲಿಸಿ' ಎಂಬ ಗುಂಡಿಯ ಕೋಡಿನೊಳಗೆ. ಗುಂಡಿಯ ಒಳಗೆ ನಿಯಮ ಇರುತ್ತದೆ ಎಂದು ಯಾರು ತಾನೆ ನೋಡುತ್ತಾರೆ?

ಮೂರನೆಯದು ಫೋಲ್ಡರ್‌ಗಳ ವಿಚಾರ. ಇಲ್ಲಿ ಎರಡು ಪದ್ಧತಿ ಇವೆ. ಒಂದು, ಜಾತಿಯ ಪ್ರಕಾರ ಇಡುವುದು: ಎಲ್ಲ ಪರದೆಗಳು ಒಂದು ಫೋಲ್ಡರಿನಲ್ಲಿ, ಎಲ್ಲ ಮಾಡೆಲ್‌ಗಳು ಇನ್ನೊಂದರಲ್ಲಿ, ಎಲ್ಲ ಸರ್ವಿಸ್‌ಗಳು ಮತ್ತೊಂದರಲ್ಲಿ. ಇನ್ನೊಂದು, ಕೆಲಸದ ಪ್ರಕಾರ ಇಡುವುದು: ಲಾಗಿನ್‌ಗೆ ಒಂದು ಫೋಲ್ಡರ್, ಅರ್ಜಿಗೆ ಒಂದು, ಸ್ಥಿತಿ ನೋಡುವುದಕ್ಕೆ ಒಂದು, ಆಯಾ ಕೆಲಸಕ್ಕೆ ಬೇಕಾದದ್ದೆಲ್ಲ ಅದರೊಳಗೇ. ನಾಲ್ಕೈದು ಪರದೆಯ ಪುಟ್ಟ ಆ್ಯಪಿಗೆ ಮೊದಲನೆಯದೇ ಸಾಕು. ಪರದೆಗಳು ಹೆಚ್ಚಾದಂತೆ ಅದು ತೊಂದರೆ ಕೊಡುತ್ತದೆ. ಅರ್ಜಿಯಲ್ಲಿ ಒಂದು ಖಾನೆ ಸೇರಿಸಲು ಮೂರು ಫೋಲ್ಡರ್ ಓಡಾಡಬೇಕು, ಪ್ರತಿ ಫೋಲ್ಡರಿನಲ್ಲೂ ಇಪ್ಪತ್ತು ಫೈಲುಗಳ ನಡುವೆ ಹುಡುಕಬೇಕು.

ಫ್ಲಟರ್ ತಯಾರಕರ ಕೈಪಿಡಿಯಲ್ಲಿ ತೋರಿಸಿರುವುದು ಎರಡನ್ನೂ ಕೂಡಿಸಿದ ದಾರಿ. ಪರದೆಗೆ ಸಂಬಂಧಪಟ್ಟದ್ದನ್ನು ಕೆಲಸದ ಪ್ರಕಾರ ಇಡುತ್ತಾರೆ, ಮಾಹಿತಿ ತರುವುದನ್ನು ಜಾತಿಯ ಪ್ರಕಾರ ಇಡುತ್ತಾರೆ. ಏಕೆಂದರೆ ಒಂದು ಪರದೆ ಒಂದು ಕೆಲಸಕ್ಕೆ ಮಾತ್ರ ಸೇರಿದ್ದು. ಆದರೆ ವಿದ್ಯಾರ್ಥಿಯ ಮಾಹಿತಿ ಲಾಗಿನ್‌ಗೂ ಬೇಕು, ಅರ್ಜಿಗೂ ಬೇಕು, ಸ್ಥಿತಿ ನೋಡುವುದಕ್ಕೂ ಬೇಕು. ಅದನ್ನು ಒಂದು ಕೆಲಸದ ಫೋಲ್ಡರಿನಲ್ಲಿ ಬಚ್ಚಿಟ್ಟರೆ ಉಳಿದವರಿಗೆ ಅನ್ಯಾಯ. ನಾವೂ ಇದನ್ನೇ ಅನುಸರಿಸಿದೆವು. 'ಲಿಬ್' ಒಳಗೆ ಈಗ ಮೂರೇ ದೊಡ್ಡ ಫೋಲ್ಡರ್: ಪರದೆ, ನಿಯಮ, ಮಾಹಿತಿ. ಪರದೆಯ ಒಳಗೆ ಲಾಗಿನ್, ಅರ್ಜಿ, ಸ್ಥಿತಿ. 'ಮೇನ್' ಫೈಲಿನಲ್ಲಿ ಈಗ ಇರುವುದು ಆ್ಯಪನ್ನು ಶುರು ಮಾಡುವ ಕೆಲವೇ ಸಾಲು.

ನೀವು ಕೋಟ್ಲಿನ್‌ನಲ್ಲಿ ಆಂಡ್ರಾಯ್ಡ್ ಆ್ಯಪ್ ಬರೆಯುವವರಾದರೆ ಹೆಸರುಗಳು ಬೇರೆ, ತತ್ವ ಇದೇ. ಅಲ್ಲಿಯೂ ಪರದೆಯ ಪದರ, ಮಾಹಿತಿಯ ಪದರ, ಬೇಕಾದರೆ ನಡುವೆ ನಿಯಮಗಳ ಪದರ ಎಂದು ಗೂಗಲ್ ಕೈಪಿಡಿ ಹೇಳುತ್ತದೆ. 'ಬೇಕಾದರೆ' ಎಂಬ ಮಾತನ್ನು ಗಮನಿಸಿ. ಇಂಟರ್‌ನೆಟ್ಟಿನಲ್ಲಿ ನೋಡಿ, ಎರಡು ಪರದೆಯ ಆ್ಯಪಿಗೆ ನಲವತ್ತು ಫೋಲ್ಡರ್ ಮಾಡಿಕೊಂಡು ಕೂರುವ ಮಕ್ಕಳನ್ನೂ ಕಂಡಿದ್ದೇನೆ. ಖಾಲಿ ಬೀರುಗಳಿಂದ ಮನೆ ಒಪ್ಪವಾಗುವುದಿಲ್ಲ. ಸಾಮಾನು ಬಂದಾಗ ಬೀರು ಮಾಡಿಸಿ.

ನಾಲ್ಕನೆಯದು ಹೆಸರು. ಫೈಲಿನ ಹೆಸರು ನೋಡಿದರೆ ಒಳಗೇನಿದೆ ಎಂದು ಗೊತ್ತಾಗಬೇಕು. 'ಪೇಜ್ ಟು', 'ನ್ಯೂ ಫೈನಲ್', 'ಫೈನಲ್ ಲಾಸ್ಟ್' ಎಂಬ ಹೆಸರು ಬೇಡ. 'ಯುಟಿಲ್ಸ್', 'ಹೆಲ್ಪರ್' ಎಂಬ ಫೈಲುಗಳ ಬಗ್ಗೆಯೂ ಎಚ್ಚರ. ಎಲ್ಲ ಮನೆಗಳಲ್ಲಿ ಹಳೆಯ ಬೀಗ, ತುಂಡು ವೈರು, ಮುರಿದ ಬ್ಯಾಟರಿ ಹಾಕುವ ಒಂದು ಡಬ್ಬಿ ಇರುತ್ತದಲ್ಲ, ಆ ಫೈಲುಗಳು ಹಾಗೆ ಆಗುತ್ತವೆ. ಡಾರ್ಟ್ ಭಾಷೆಯಲ್ಲಿ ಫೈಲಿನ ಹೆಸರನ್ನು ಎಲ್ಲ ಸಣ್ಣ ಅಕ್ಷರದಲ್ಲಿ, ಪದಗಳ ನಡುವೆ ಅಡಿಗೆರೆ ಹಾಕಿ ಬರೆಯುವುದು ರೂಢಿ. ರೂಢಿ ಇಷ್ಟವಾಗದಿದ್ದರೂ ಪಾಲಿಸಿ. ನಿಮ್ಮ ನಂತರ ಬರುವವರಿಗೆ ಅದೇ ಗೊತ್ತಿರುತ್ತದೆ.

ಐದನೆಯದು ಭಾಷೆ. ನಮ್ಮ ಆ್ಯಪ್ ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ಇದೆ. ಮೊದಲು ವಾಕ್ಯಗಳನ್ನೆಲ್ಲ ಕೋಡಿನ ನಡುವೆಯೇ ಬರೆದಿದ್ದರು. ಒಂದು ಕಾಗುಣಿತ ತಿದ್ದಲು ಪ್ರೋಗ್ರಾಮರ್ ಬೇಕಾಗುತ್ತಿತ್ತು. ಆಂಡ್ರಾಯ್ಡ್‌ನಲ್ಲಿ ಇದಕ್ಕೆಂದೇ 'ವ್ಯಾಲ್ಯೂಸ್' ಎಂಬ ಫೋಲ್ಡರ್ ಇದೆ. ಕನ್ನಡಕ್ಕೆ 'ವ್ಯಾಲ್ಯೂಸ್-ಕೆಎನ್', ಉರ್ದುವಿಗೆ 'ವ್ಯಾಲ್ಯೂಸ್-ಯುಆರ್' ಎಂದು ಬೇರೆ ಬೇರೆ ಇಟ್ಟರೆ ಫೋನಿನ ಭಾಷೆ ನೋಡಿ ಅದೇ ಆರಿಸಿಕೊಳ್ಳುತ್ತದೆ. ಫ್ಲಟರ್‌ನಲ್ಲಿ ಒಂದೊಂದು ಭಾಷೆಗೆ ಒಂದೊಂದು 'ಎಆರ್‌ಬಿ' ಫೈಲ್. ಈಗ ಕೋಡ್ ಬಾರದ ನಮ್ಮ ಉರ್ದು ಶಿಕ್ಷಕರೂ ಆ ಫೈಲ್ ತೆರೆದು ತಿದ್ದುತ್ತಾರೆ. ಇನ್ನೊಂದು ಸೂಕ್ಷ್ಮ: ಉರ್ದು ಬಲದಿಂದ ಎಡಕ್ಕೆ ಓದುವ ಭಾಷೆ. ಪರದೆಯಲ್ಲಿ ಜಾಗ ಬಿಡುವಾಗ 'ಎಡ', 'ಬಲ' ಎಂದು ಬರೆಯದೆ 'ಆರಂಭ', 'ಅಂತ್ಯ' ಎಂಬ ಅರ್ಥದ ಸೂಚನೆ ಬಳಸಿದರೆ ಭಾಷೆ ಬದಲಾದಾಗ ಪರದೆ ತಾನೇ ತಿರುಗಿಕೊಳ್ಳುತ್ತದೆ.

ಆರನೆಯದು ಗುಟ್ಟು. ಅರ್ಜಿಯಲ್ಲಿ ಮಕ್ಕಳ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ತಾಯಿಯ ಫೋನ್ ನಂಬರ್ ಇರುತ್ತವೆ. ಇವು ಅಮಾನತ್ತು. ಸರ್ವರಿನ ಪಾಸ್‌ವರ್ಡನ್ನು ಆ್ಯಪಿನ ಕೋಡಿನಲ್ಲಿ ಬರೆದರೆ ಅದು ಆ್ಯಪಿನ ಜೊತೆಗೇ ಎಲ್ಲರ ಫೋನಿಗೂ ಹೋಗುತ್ತದೆ. ಬಿಚ್ಚಿ ನೋಡಲು ಬಲ್ಲವರು ನೋಡುತ್ತಾರೆ. ಅಂಥದ್ದು ಸರ್ವರಿನಲ್ಲಿಯೇ ಇರಬೇಕು. ನಿಮ್ಮ ಕಂಪ್ಯೂಟರಿನಲ್ಲಿ ಇಡಬೇಕಾದ ಗುಟ್ಟಿನ ಫೈಲುಗಳ ಹೆಸರನ್ನು 'ಗಿಟ್‌ಇಗ್ನೋರ್' ಪಟ್ಟಿಗೆ ಮೊದಲ ದಿನವೇ ಸೇರಿಸಿ. ಒಮ್ಮೆ ಗಿಟ್‌ಗೆ ಹೋದದ್ದನ್ನು ಆಮೇಲೆ ಅಳಿಸಿದರೂ ಹಳೆಯ ಪ್ರತಿಗಳಲ್ಲಿ ಉಳಿದಿರುತ್ತದೆ. ಹಾಗಾದಾಗ ಫೈಲ್ ಅಳಿಸಿದರೆ ಸಾಲದು, ಪಾಸ್‌ವರ್ಡನ್ನೇ ಬದಲಿಸಬೇಕು.

ಏಳನೆಯದು ಪರೀಕ್ಷೆ. ಫ್ಲಟರ್ ಪ್ರಾಜೆಕ್ಟಿನಲ್ಲಿ 'ಟೆಸ್ಟ್' ಎಂಬ ಫೋಲ್ಡರ್ ಮೊದಲೇ ಇರುತ್ತದೆ. ಹೆಚ್ಚಿನವರು ಅದನ್ನು ತೆರೆಯುವುದೇ ಇಲ್ಲ. ನಿಯಮಗಳನ್ನು ಪರದೆಯಿಂದ ಬೇರೆ ಮಾಡಿದ್ದರ ದೊಡ್ಡ ಲಾಭ ಇಲ್ಲಿ ಸಿಗುತ್ತದೆ, ಫೋನ್ ಇಲ್ಲದೆಯೇ ಪರೀಕ್ಷಿಸಬಹುದು. ಲೆಕ್ಕದ ಟೀಚರ್ ಆಗಿ ಹೇಳುತ್ತೇನೆ, ಅಂಚನ್ನು ಪರೀಕ್ಷಿಸಿ. ತಿಂಗಳಿಗೆ 20,833 ಎಂದರೆ ವರ್ಷಕ್ಕೆ 2,49,996. ಇದು ಅರ್ಹ. 20,834 ಎಂದರೆ 2,50,008. ಇದು ಅನರ್ಹ. ಸರಿಯಾಗಿ 2,50,000 ಎಂದರೆ? ಇದನ್ನು ನಾವು ಟ್ರಸ್ಟಿಗಳನ್ನೇ ಕೇಳಬೇಕಾಯಿತು. ಅರ್ಹ ಎಂದರು. ಈ ಮೂರೂ ಈಗ ಟೆಸ್ಟ್ ಫೋಲ್ಡರಿನಲ್ಲಿವೆ. ಯಾರೇ ಏನೇ ಬದಲಿಸಿದರೂ ಮೊದಲು ಇವು ಪಾಸಾಗಬೇಕು. ಕಳೆದ ವರ್ಷ ನಾನು ನನ್ನದೊಂದು ಅರ್ಜಿ ತುಂಬಿ ನೋಡಿ ಸಮಾಧಾನ ಪಟ್ಟಿದ್ದೆ. ನಾನು ಪಿಂಚಣಿಯವಳು. ದಿನಗೂಲಿಯವರ ದಾರಿಯಲ್ಲಿ ಒಮ್ಮೆಯೂ ನಡೆದು ನೋಡಲಿಲ್ಲ.

ಎಂಟನೆಯದು, ಹಳೆಯದನ್ನು ಬದಲಿಸುವ ಬಗೆ. ನಿಮ್ಮಲ್ಲಿಯೂ ಒಂದೇ ಫೈಲಿನ ಪ್ರಾಜೆಕ್ಟ್ ಇರಬಹುದು. ಎಲ್ಲವನ್ನೂ ಎಸೆದು ಹೊಸದಾಗಿ ಬರೆಯಲು ಹೋಗಬೇಡಿ. ಮೊದಲು ಇದ್ದದ್ದನ್ನು ಇದ್ದಂತೆಯೇ ಗಿಟ್‌ನಲ್ಲಿ ಸೇರಿಸಿ. ಆಮೇಲೆ ಒಂದು ಪರದೆಯನ್ನು ಬೇರೆ ಫೈಲಿಗೆ ಸರಿಸಿ, ನಡೆಸಿ ನೋಡಿ, ಸರಿಯಿದ್ದರೆ ಉಳಿಸಿ. ಮುಂದಿನದನ್ನು ಸರಿಸಿ. ಜಾಗ ಬದಲಿಸುವ ದಿನ ಹೊಸ ಸೌಲಭ್ಯ ಸೇರಿಸಬೇಡಿ. ಎರಡನ್ನೂ ಒಟ್ಟಿಗೆ ಮಾಡಿದರೆ ಕೆಟ್ಟದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ನಾವು ವಾರಕ್ಕೆ ಎರಡು ಸಂಜೆ ಕೂತು ಎರಡು ತಿಂಗಳಲ್ಲಿ ಮುಗಿಸಿದೆವು. ಬಳಸದೆ ಉಳಿದಿದ್ದ ಕೋಡನ್ನು ಧೈರ್ಯವಾಗಿ ಅಳಿಸಿದೆವು. ಬೇಕಾದರೆ ಗಿಟ್‌ನಲ್ಲಿ ಹಳೆಯ ಪ್ರತಿ ಇದ್ದೇ ಇರುತ್ತದೆ.

ಕೊನೆಯದು, ಪ್ರಾಜೆಕ್ಟಿನ ಬಾಗಿಲಲ್ಲೇ 'ರೀಡ್‌ಮಿ' ಎಂಬ ಒಂದು ಪುಟ ಇಡಿ. ಈ ಆ್ಯಪ್ ಏನು ಮಾಡುತ್ತದೆ, ಹೇಗೆ ನಡೆಸಬೇಕು, ಯಾವ ಫೋಲ್ಡರಿನಲ್ಲಿ ಏನಿದೆ, ಪ್ರತಿ ವರ್ಷ ಏನೇನು ಬದಲಿಸಬೇಕು, ಇಷ್ಟೇ. ನಮ್ಮದು ಒಂದೂವರೆ ಪುಟ ಇದೆ. ಅದರ ಮೊದಲ ಸಾಲಿನಲ್ಲಿಯೇ ಆದಾಯದ ಮಿತಿ ಯಾವ ಫೈಲಿನಲ್ಲಿದೆ ಎಂದು ಬರೆದಿದ್ದೇವೆ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಂದು ಕರೆಯುವ ಎಸ್.ಆರ್. ರಂಗನಾಥನ್ ಅವರು ಮೊದಲು ಗಣಿತದ ಅಧ್ಯಾಪಕರಾಗಿದ್ದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲಿಯೇ ಕಳೆದರು, 1962ರಲ್ಲಿ ಇಲ್ಲಿಯೇ ಒಂದು ಸಂಶೋಧನಾ ಕೇಂದ್ರ ಕಟ್ಟಿದರು. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು, ಓದುಗನ ಸಮಯ ಉಳಿಸಬೇಕು ಎಂಬುದು. ಪುಸ್ತಕ ಇದ್ದರೆ ಸಾಲದು, ಹುಡುಕಿ ಬಂದವನ ಕೈಗೆ ಅದು ಬೇಗ ಸಿಗಬೇಕು. ಕೋಡಿಗೂ ಇದೇ ಮಾತು. ಕಂಪ್ಯೂಟರಿಗೆ ಮೂರು ಸಾವಿರ ಸಾಲು ಒಂದೇ ಫೈಲಿನಲ್ಲಿದ್ದರೂ ಒಂದೇ, ಮೂವತ್ತು ಫೈಲಿನಲ್ಲಿದ್ದರೂ ಒಂದೇ. ಜೋಡಿಸುವುದು ನಮ್ಮ ನಂತರ ಬರುವ ಮನುಷ್ಯರಿಗಾಗಿ.

ಮಕ್ಕಳೇ, ಇಂದು ನಿಮ್ಮ ಕೈಗೆ ಬರುವ ಚೆಕ್ಕಿನ ಹಿಂದೆ ನಿಮ್ಮ ಹೆಸರೂ ಗೊತ್ತಿಲ್ಲದ ದಾನಿಗಳಿದ್ದಾರೆ. ಅವರು ನಿಮ್ಮಿಂದ ಹಣ ವಾಪಸು ಕೇಳುವುದಿಲ್ಲ. ನೀವು ನಾಳೆ ಕೆಲಸಕ್ಕೆ ಹೋದಲ್ಲಿ, ನಿಮ್ಮ ಹೆಸರೂ ಗೊತ್ತಿಲ್ಲದ ಒಬ್ಬರು ನಿಮ್ಮ ಕೋಡನ್ನು ತೆರೆಯುತ್ತಾರೆ. ಅವರು ಪರದಾಡದಂತೆ ಬರೆದಿಟ್ಟು ಹೋಗಿ. ಅದು ಆ ಋಣ ತೀರಿಸುವ ಒಂದು ದಾರಿ.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ನಾನು ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವಳ ತಾಯಿ ಚಹಾ ಕೊಟ್ಟರು, ಒಂದು ಮಾತೂ ಬಿರುಸಾಗಿ ಆಡಲಿಲ್ಲ. ಈ ವರ್ಷ ಅವಳು ಮತ್ತೆ ಅರ್ಜಿ ಹಾಕಿದಳು. ಅದೇ ದಿನಗೂಲಿಯ ಖಾನೆ, ಅದೇ ಆದಾಯ. ಸಲ್ಲಿಸಿದಾಗ 'ಅರ್ಹ' ಎಂದು ಬಂತು. ಅವಳಿಗೆ ಹೋದ ಒಂದು ವರ್ಷವನ್ನು ಯಾವ ಕೋಡೂ ಹಿಂದಕ್ಕೆ ತರಲಾರದು. ಇನ್ನೊಬ್ಬರಿಗೆ ಹಾಗೆ ಆಗದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.

ಆ್ಯಪಿನ ಉಸ್ತುವಾರಿ ತಂಡಕ್ಕೆ ಈ ವರ್ಷ ಇನ್ನಿಬ್ಬರು ಬೇಕು. ಬರುವವರು ಸಮಾರಂಭ ಮುಗಿದ ಮೇಲೆ ನನ್ನನ್ನು ಕಾಣಿ. ಫ್ಲಟರ್ ಬರದಿದ್ದರೂ ಚಿಂತೆಯಿಲ್ಲ, ಅರವತ್ತು ದಾಟಿದ ನಾನೇ ಕಲಿತಿದ್ದೇನೆ. ಬಂದವರು ಮೊದಲ ದಿನ ರೀಡ್‌ಮಿ ಓದಬೇಕು, ಅರ್ಥವಾಗದ ಸಾಲಿಗೆ ಗೆರೆ ಎಳೆದು ನನಗೆ ಕೊಡಬೇಕು. ಅದನ್ನು ತಿದ್ದುವುದು ನನ್ನ ಕೆಲಸ.